ಕೀ ಕೊಟ್ಟರೆ ಓಡುವ ಕಾಲ

ನಿಮ್ಮ ಮನೆಯ ಬೀರುವನ್ನೊಮ್ಮೆ ತಡಕಿ ನೋಡಿ. ಮದುವೆ ಸೀರೆ, ಹಳೆಯ ಪಾಸ್‌ಬುಕ್ಕು, ಜಮೀನಿನ ಕಾಗದಪತ್ರಗಳ ನಡುವೆ ಎಲ್ಲೋ ಒಂದು ಕಡೆ ನಿಂತುಹೋದ ಕೈಗಡಿಯಾರವೊಂದು ಸಿಕ್ಕರೂ ಸಿಗಬಹುದು. ಪಟ್ಟಿ ಸವೆದಿರುತ್ತದೆ, ಗಾಜಿನ ಮೇಲೆ ಗೀರುಗಳಿರುತ್ತವೆ. ಯಾರೂ ಕಟ್ಟುವುದಿಲ್ಲ. ಆದರೂ ಅದನ್ನು ಬಿಸಾಡಲು ಯಾರಿಗೂ ಮನಸ್ಸು ಬಂದಿರುವುದಿಲ್ಲ.

ನಮ್ಮ ಮನೆಯಲ್ಲೂ ಅಂಥದೊಂದಿತ್ತು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದ ತಾತ ಕಟ್ಟುತ್ತಿದ್ದ ಎಚ್.ಎಂ.ಟಿ. ಜನತಾ ವಾಚು ಅದು. ತಾತ ಹೋಗಿ ಹನ್ನೊಂದು ವರ್ಷವಾಯಿತು. ವಾಚು ಅಂದಿನಿಂದ ಬೀರುವಿನಲ್ಲೇ ಇತ್ತು. ಈಚೆಗೆ ಅಜ್ಜಿ ಅದನ್ನು ನನ್ನ ಕೈಗೆ ಕೊಟ್ಟರು. ಕೀ ತಿರುಗಿಸಿದರೆ ನಾಲ್ಕಾರು ಸಲ ಟಿಕ್ ಎಂದು ಮತ್ತೆ ಸುಮ್ಮನಾಯಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಕೂತಿದ್ದ ಹಿರಿಯ ರಿಪೇರಿಯವರ ಮುಂದೆ ಇಟ್ಟೆ. ಅವರು ಹಿಂಬದಿಯ ಮುಚ್ಚಳ ತೆಗೆದು ಅರೆಗಳಿಗೆ ನೋಡಿ, ಮಿಷಿನ್ ಚೆನ್ನಾಗಿಯೇ ಇದೆ, ಎಣ್ಣೆ ಒಣಗಿಹೋಗಿದೆ ಅಷ್ಟೇ ಎಂದರು. ಮೂರು ದಿನ ಬಿಟ್ಟು ಹೋದಾಗ ವಾಚು ಓಡುತ್ತಿತ್ತು.

ಹನ್ನೊಂದು ವರ್ಷ ಮಲಗಿದ್ದ ಯಂತ್ರವೊಂದು ನಾಲ್ಕು ಹನಿ ಎಣ್ಣೆಗೆ ಎದ್ದು ಕೂತಿತು! ಇಂದು ನಮ್ಮ ಜೇಬಿನಲ್ಲಿರುವ ಮೊಬೈಲ್ ಫೋನನ್ನು ಹನ್ನೊಂದು ವರ್ಷ ಬೀರುವಿನಲ್ಲಿಟ್ಟು ತೆಗೆದರೆ ಅದು ಹೀಗೆ ಎದ್ದೀತೆ? ಸೆಕೆಂಡಿನ ಲೆಕ್ಕದಲ್ಲಿ ಸರಿಯಾದ ಸಮಯವನ್ನು ಫೋನು ಪುಕ್ಕಟೆಯಾಗಿ ತೋರಿಸುವ ಈ ಕಾಲದಲ್ಲೂ ಹಳೆಯ ಕೀ ವಾಚುಗಳನ್ನು ಹುಡುಕಿ ಹುಡುಕಿ ಕೂಡಿಡುವವರು ಜಗತ್ತಿನ ತುಂಬ ಇದ್ದಾರೆ. ಅದಕ್ಕೆ ಕಾರಣವನ್ನು ಈ ಪ್ರಶ್ನೆಯಲ್ಲೇ ಹುಡುಕಬಹುದು.

ಮುಚ್ಚಳದ ಒಳಗೆ

ಕೀ ವಾಚಿನ ಒಳಗಿನ ತತ್ವ ಸರಳ. ನಾವು ಕೀ ತಿರುಗಿಸಿದಾಗ ಡಬ್ಬಿಯಂಥ ಪುಟ್ಟ ಉರುಳೆಯೊಳಗಿನ ಉದ್ದನೆಯ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಯತ್ನಿಸುವಾಗ ಹಲ್ಲುಚಕ್ರಗಳು ತಿರುಗುತ್ತವೆ. ತಡೆಯಿಲ್ಲದಿದ್ದರೆ ಸ್ಪ್ರಿಂಗ್ ಕೆಲವೇ ಗಳಿಗೆಯಲ್ಲಿ ಬಿಚ್ಚಿಹೋಗಿ ಆಟ ಮುಗಿಯುತ್ತದೆ. ಹಾಗಾಗದಂತೆ ಒಂದು ಪುಟ್ಟ ಕವಲುಕೋಲು ಚಕ್ರದ ಹಲ್ಲನ್ನು ಹಿಡಿದು ಬಿಡುತ್ತ, ಹಿಡಿದು ಬಿಡುತ್ತ ಶಕ್ತಿಯನ್ನು ಸಮನಾದ ತುಣುಕುಗಳಲ್ಲಿ ಹರಿಯಬಿಡುತ್ತದೆ. ಆ ಹಿಡಿದು ಬಿಡುವ ಸದ್ದೇ ನಮಗೆ ಕೇಳುವ ಟಿಕ್ ಟಿಕ್. ಹಿಡಿಯುವುದು ಯಾವಾಗ, ಬಿಡುವುದು ಯಾವಾಗ ಎಂದು ನಿರ್ಧರಿಸುವುದು ಬ್ಯಾಲೆನ್ಸ್ ಚಕ್ರ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್‌ನ ಬಲದಿಂದ ಅದು ಉಯ್ಯಾಲೆಯಂತೆ ಅತ್ತಿತ್ತ ತೂಗುತ್ತದೆ. ಈ ಸುರುಳಿ ಸ್ಪ್ರಿಂಗ್ ಅಳವಡಿಸಿದ ಗಡಿಯಾರವನ್ನು ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯನ್ ಹ್ಯೂಗನ್ಸ್ ಪ್ರಕಟಪಡಿಸಿದ್ದು 1675ರಲ್ಲಿ.

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಜನತಾ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ತೂಗುತ್ತದೆ. ಎಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ವರ್ಷಕ್ಕೆ ಹದಿನೈದು ಕೋಟಿ ದಾಟುತ್ತದೆ. ಇಷ್ಟು ತೂಗಿಯೂ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಓಡಿದರೆ, ಆ ತಪ್ಪು ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು ಮಾತ್ರ. ಕೈಗೆಟುಕುವ ಬೆಲೆಯ ಯಂತ್ರಕ್ಕೆ ಇದು ಸಣ್ಣ ಸಾಧನೆಯಲ್ಲ.

ಡಯಲ್ ಮೇಲಿನ '17 ಜ್ಯುವೆಲ್ಸ್' ಎಂಬ ಬರಹ ನಮ್ಮ ಹಳ್ಳಿಗಳಲ್ಲಿ ಬಹಳ ಕುತೂಹಲ ಹುಟ್ಟಿಸಿತ್ತು. ವಾಚಿನೊಳಗೆ ಹದಿನೇಳು ರತ್ನಗಳಿವೆ, ಒಡೆದರೆ ಶ್ರೀಮಂತರಾಗಬಹುದು ಎಂದು ನಂಬಿದ್ದವರೂ ಉಂಟು. ರತ್ನಗಳಿರುವುದು ನಿಜ, ಆದರೆ ಅವು ಕಾರ್ಖಾನೆಯಲ್ಲಿ ತಯಾರಾದ ಕೃತಕ ಮಾಣಿಕ್ಯಗಳು. ಮಾರಿದರೆ ಪುಡಿಗಾಸೂ ಹುಟ್ಟದು. ಚಕ್ರಗಳ ಅಕ್ಷಗಳು ಲೋಹದ ಮೇಲೆ ಉಜ್ಜಿ ಸವೆಯದಿರಲಿ ಎಂದು, ಗಟ್ಟಿಯಾಗಿಯೂ ನುಣುಪಾಗಿಯೂ ಇರುವ ಈ ಕಲ್ಲುಗಳಲ್ಲಿ ಅವನ್ನು ಕೂರಿಸುತ್ತಾರೆ. ವಾಚು ಮೂರು ತಲೆಮಾರು ಬಾಳುವುದರಲ್ಲಿ ಈ ಅಗ್ಗದ ಕಲ್ಲುಗಳ ಪಾಲು ದೊಡ್ಡದು.

ಕಿಸೆಯಿಂದ ಕೈಗೆ

ಇಂದು ಗಂಡಸರ ಹೆಮ್ಮೆಯ ಒಡವೆಯಾಗಿರುವ ಕೈಗಡಿಯಾರ ನೂರಿಪ್ಪತ್ತು ವರ್ಷಗಳ ಹಿಂದೆ ಬಹುಮಟ್ಟಿಗೆ ಹೆಂಗಸರ ಆಭರಣವಾಗಿತ್ತು. ಗಂಡಸರು ಸರಪಳಿ ಕಟ್ಟಿದ ಗಡಿಯಾರವನ್ನು ಕಿಸೆಯಲ್ಲಿಡುತ್ತಿದ್ದರು. ವಿಮಾನ ಹಾರಿಸುವಾಗ ಕಿಸೆಗೆ ಕೈಹಾಕಲಾಗದು ಎಂದು ಬ್ರೆಜಿಲ್‌ನ ಸಾಂತೋಸ್ ದುಮಾಂಟ್ ದೂರಿದಾಗ, 1904ರಲ್ಲಿ ಪ್ಯಾರಿಸ್‌ನ ಲೂಯಿ ಕಾರ್ತಿಯೆ ಗೆಳೆಯನಿಗಾಗಿ ಮಣಿಕಟ್ಟಿಗೆ ಕಟ್ಟುವ ಗಡಿಯಾರ ರೂಪಿಸಿದ ಸಂಗತಿ ಪ್ರಸಿದ್ಧ. ಆದರೆ ಸಾಮಾನ್ಯ ಗಂಡಸರ ಮನಸ್ಸು ಬದಲಿಸಿದ್ದು ಮೊದಲನೆಯ ಮಹಾಯುದ್ಧ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ನಕಾಶೆ ಹಿಡಿದವನಿಗೆ ನಿಗದಿತ ನಿಮಿಷಕ್ಕೆ ದಾಳಿ ಮಾಡಬೇಕಾದಾಗ ಕಿಸೆಯ ಗಡಿಯಾರ ಉಪಯೋಗಕ್ಕೆ ಬರಲಿಲ್ಲ. ಕಂದಕಗಳಿಂದ ಮರಳಿದ ಸೈನಿಕರು ವಾಚನ್ನು ಕೈಗೆ ಕಟ್ಟಿಕೊಂಡೇ ಬಂದರು.

ನಮ್ಮ ದೇಶಕ್ಕೆ ಆಗ ವಾಚುಗಳು ಬರುತ್ತಿದ್ದುದು ಹೊರಗಿನಿಂದ. ವೆಸ್ಟ್ ಎಂಡ್, ಫಾವ್ರ್ ಲೂಬಾ, ರೋಮರ್ ಮೊದಲಾದ ಸ್ವಿಸ್ ಹೆಸರುಗಳು ಹಳಬರಿಗೆ ಈಗಲೂ ನೆನಪಿರುತ್ತವೆ. ವಾಚು ಕಟ್ಟಿದವನೆಂದರೆ ವಕೀಲನೋ ಅಮಲ್ದಾರನೋ ಆಗಿರಬೇಕು ಎಂದು ಊರವರು ಊಹಿಸುತ್ತಿದ್ದ ಕಾಲ ಅದು.

ಜಾಲಹಳ್ಳಿಯ ಜನತಾ

ಈ ಚಿತ್ರ ಬದಲಾದದ್ದು ಬೆಂಗಳೂರಿನಿಂದ. ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆ 1953ರಲ್ಲಿ ಹುಟ್ಟಿದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. ವಾಚು ಅದರ ಮೊದಲ ಕೆಲಸವಾಗಿರಲಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ವಾಚು ಕಾರ್ಖಾನೆ ಶುರುವಾಗಿ, 1961ರಲ್ಲಿ ಮೊದಲ ಕಂತಿನ ವಾಚುಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಮುಂದೆ ಮನೆಮಾತಾದ ಮಾದರಿಯ ಹೆಸರೇ 'ಜನತಾ'. ಸಮಯ ನೋಡುವುದು ಇನ್ನು ಅಮಲ್ದಾರರೊಬ್ಬರ ಹಕ್ಕಲ್ಲ ಎಂಬ ಮಾತು ಆ ಹೆಸರಿನಲ್ಲೇ ಇತ್ತು.

ಬೆಂಗಳೂರಿನ ನಂತರ ಶ್ರೀನಗರ, ತುಮಕೂರು, ಈಗಿನ ಉತ್ತರಾಖಂಡದ ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಎದ್ದವು. ಜೋಡಣೆಯ ಸಾಲುಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಕೂತವರು ಹೆಣ್ಣುಮಕ್ಕಳು. ಬಿಳಿಯ ಕೋಟು ತೊಟ್ಟು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಎತ್ತಿ ಕೂರಿಸುತ್ತಿದ್ದ ಆ ಕೈಗಳ ಸಂಬಳದಿಂದ ಬೆಂಗಳೂರಿನ ಉತ್ತರ ಭಾಗದಲ್ಲಿ ಎಷ್ಟೋ ಸಂಸಾರಗಳು ಕಟ್ಟಿಕೊಂಡವು. ತನ್ನ ಆಯುಷ್ಯದಲ್ಲಿ ಎಚ್.ಎಂ.ಟಿ. ತಯಾರಿಸಿದ ವಾಚುಗಳು ಹತ್ತು ಕೋಟಿಗೂ ಹೆಚ್ಚು.

ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು. ಮದುವೆಯಲ್ಲಿ ಮಾವನ ಮನೆಯಿಂದ ಉಂಗುರದ ಜೊತೆಗೆ ವಾಚು. ನಿವೃತ್ತಿಯ ದಿನ ಹಾರ, ಶಾಲಿನ ಜೊತೆಗೂ ವಾಚು. ಮೂವತ್ತೈದು ವರ್ಷ ಗಡಿಯಾರ ನೋಡಿಕೊಂಡೇ ದುಡಿದವನಿಗೆ, ಇನ್ನು ಸಮಯ ನೋಡಬೇಕಿಲ್ಲ ಎನ್ನುವ ದಿನ ವಾಚು ಕೊಡುವುದು ತಮಾಷೆಯೇ ಸರಿ. ಆದರೆ ಆ ಉಡುಗೊರೆಯ ಅರ್ಥ ಎಲ್ಲರಿಗೂ ಗೊತ್ತಿತ್ತು. ಕಪ್ಪು ಡಯಲ್‌ನ 'ಪೈಲಟ್', ಸೈನಿಕರನ್ನು ನೆನಪಿಸುವ 'ಜವಾನ್', ಕೈ ಅಲುಗಾಡಿದರೆ ತಾನೇ ಕೀ ಸುತ್ತಿಕೊಳ್ಳುವ 'ಕಾಂಚನ್', ಮುಳ್ಳುಗಳನ್ನು ಮುಟ್ಟಿ ಸಮಯ ತಿಳಿಯುವ ಅಂಧರ ವಾಚು, ಹೀಗೆ ಬದುಕಿನ ಒಂದೊಂದು ಮೂಲೆಗೂ ಒಂದೊಂದು ಮಾದರಿ ಇತ್ತು.

ಹಳೆಯದೆಲ್ಲ ಚಿನ್ನವೆಂದು ಹೇಳಬೇಕಾಗಿಲ್ಲ. ಬೇಡಿಕೆಯಷ್ಟು ವಾಚು ಬರುತ್ತಿರಲಿಲ್ಲ. ಬೇಕಾದ ಮಾದರಿಗೆ ಕಾಯಬೇಕಿತ್ತು, ಗೊತ್ತಿದ್ದವರ ಕಡೆಯಿಂದ ಹೇಳಿಸಬೇಕಿತ್ತು. ಕಾಯಲಾಗದವರು ಕಳ್ಳಸಾಗಣೆಯ ವಿದೇಶಿ ವಾಚನ್ನು ಗುಟ್ಟಾಗಿ ಕೊಳ್ಳುತ್ತಿದ್ದರು.

ಸೆಲ್ ವಾಚಿನ ಹೊಡೆತ

1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ 'ಆಸ್ಟ್ರಾನ್' ಎಂಬ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬೆಲೆ ನಾಲ್ಕೂವರೆ ಲಕ್ಷ ಯೆನ್. ಅಂದಿಗೆ ಅದು ಸಣ್ಣ ಕಾರೊಂದರ ಬೆಲೆ. ಅದರಲ್ಲಿ ಬ್ಯಾಲೆನ್ಸ್ ಚಕ್ರವಿರಲಿಲ್ಲ. ಸೆಲ್ಲಿನ ವಿದ್ಯುತ್ತಿನಿಂದ ಕಂಪಿಸುವ ಕ್ವಾರ್ಟ್ಜ್ ಹರಳು ಅದರ ಎದೆಬಡಿತವಾಗಿತ್ತು. ಈಗಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಐದು ಸಲ ತೂಗುವ ಚಕ್ರ ಇದಕ್ಕೆ ಸಾಟಿಯೇ? ಕೀ ವಾಚು ಒಂದು ದಿನದಲ್ಲಿ ಮಾಡುವ ತಪ್ಪನ್ನು ಸೆಲ್ ವಾಚು ತಿಂಗಳಲ್ಲೂ ಮಾಡದು. ಹತ್ತೇ ವರ್ಷಗಳಲ್ಲಿ ಅದರ ಬೆಲೆಯೂ ನೆಲಕ್ಕಿಳಿಯಿತು.

ಸ್ವಿಟ್ಜರ್‌ಲೆಂಡ್ ತತ್ತರಿಸಿತು. 1970ರ ಸುಮಾರಿಗೆ ಅಲ್ಲಿ ಗಡಿಯಾರ ಉದ್ಯಮದಲ್ಲಿದ್ದವರು ಸುಮಾರು 90,000 ಮಂದಿ. 1980ರ ದಶಕದ ನಡುವಿಗೆ ಉಳಿದವರು ಮೂರನೇ ಒಂದು ಪಾಲು. ತಲೆಮಾರುಗಳಿಂದ ಬಂದ ಉಪಕರಣಗಳು ಗುಜರಿಗೆ ಹೋದವು.

ಆ ದಿನಗಳ ಒಂದು ಪ್ರಸಂಗವನ್ನು ವಾಚು ಸಂಗ್ರಹಕಾರರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಲ ಲೋಕ್ಲ್ ಎಂಬ ಊರಿನ ಜೆನಿತ್ ಕಂಪನಿ 1969ರಲ್ಲಿ 'ಎಲ್ ಪ್ರಿಮೆರೊ' ಎಂಬ ಸೂಕ್ಷ್ಮ ಯಂತ್ರವನ್ನು ರೂಪಿಸಿತ್ತು. 1975ರಲ್ಲಿ ಅಮೆರಿಕದ ಒಡೆಯರಿಂದ ಆಜ್ಞೆ ಬಂತು: ಕೀ ವಾಚಿನ ಕಾಲ ಮುಗಿಯಿತು, ಅಚ್ಚು, ಉಪಕರಣ ಎಲ್ಲ ಮಾರಿಬಿಡಿ. ಚಾರ್ಲ್ಸ್ ವೆರ್ಮೊ ಎಂಬ ಕುಶಲಕರ್ಮಿ ಇದಕ್ಕೆ ಒಪ್ಪಲಿಲ್ಲ. ನಕ್ಷೆಗಳನ್ನೂ ಉಪಕರಣಗಳನ್ನೂ ಗುಟ್ಟಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ, ಯಾವುದು ಎಲ್ಲಿದೆ ಎಂದು ಬರೆದಿಟ್ಟ. ಸುಮಾರು ಒಂಬತ್ತು ವರ್ಷಗಳ ಬಳಿಕ ಕೀ ವಾಚಿಗೆ ಮತ್ತೆ ಬೇಡಿಕೆ ಬಂದಾಗ ಅಟ್ಟದ ಬಾಗಿಲು ತೆರೆಯಿತು. 1988ರಲ್ಲಿ ರೋಲೆಕ್ಸ್ ತನ್ನ ಹೆಸರಾಂತ 'ಡೇಟೋನಾ' ವಾಚಿಗೆ ಆರಿಸಿಕೊಂಡದ್ದು ಇದೇ ಯಂತ್ರವನ್ನು.

ಸ್ವಿಸ್ ಕಂಪನಿಗಳು ಬದುಕಿದ್ದು ಎರಡು ದಾರಿಯಿಂದ. ಒಂದು, 1983ರಲ್ಲಿ ಬಂದ 'ಸ್ವಾಚ್' ಎಂಬ ಅಗ್ಗದ ಪ್ಲಾಸ್ಟಿಕ್ ಸೆಲ್ ವಾಚು. ಇನ್ನೊಂದು, ಕೀ ವಾಚನ್ನು ಸಮಯ ತಿಳಿಯುವ ಸಾಧನವೆಂದು ಮಾರುವುದನ್ನು ಬಿಟ್ಟು ಕೈಕುಸುರಿಯ ಕಲಾಕೃತಿಯೆಂದು ಮಾರಿದ್ದು. ನಿಖರತೆಯ ಪಂದ್ಯದಲ್ಲಿ ಸೋತ ಮೇಲೆ ಅವರು ಪಂದ್ಯವನ್ನೇ ಬದಲಿಸಿದರು ಎನ್ನಬೇಕು.

ನಮ್ಮಲ್ಲಿ ಅಟ್ಟವಿರಲಿಲ್ಲ

ಬೆಂಗಳೂರಿನ ಕಥೆ ಬೇರೆಯಾಯಿತು. ಎಚ್.ಎಂ.ಟಿ. ಕೂಡ 1980ರ ದಶಕದ ಆರಂಭದಲ್ಲೇ ಸೆಲ್ ವಾಚು ತಯಾರಿಸಿತ್ತು. ಆದರೆ ಅದರ ಕಾರ್ಖಾನೆಗಳು ಬಹುಪಾಲು ಕೀ ವಾಚನ್ನೇ ನೆಚ್ಚಿಕೊಂಡಿದ್ದವು. ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ 1984ರಲ್ಲಿ ಕಟ್ಟಿದ ಟೈಟನ್, ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ತೆರೆದು ಮುಖ್ಯವಾಗಿ ಸೆಲ್ ವಾಚನ್ನೇ ನಂಬಿತು. 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಅದರ ಮೊದಲ ಮಳಿಗೆ ಬಂತು. ದೀಪಾಲಂಕಾರದ ಗಾಜಿನ ಪೆಟ್ಟಿಗೆಗಳಲ್ಲಿ ತೆಳ್ಳಗಿನ, ಬಗೆಬಗೆಯ ವಾಚುಗಳು ಕಂಡಾಗ ಕೊಳ್ಳುವವರು ಅತ್ತ ತಿರುಗಿದ್ದರಲ್ಲಿ ಅಚ್ಚರಿಯಿಲ್ಲ. 1991ರ ಉದಾರೀಕರಣದ ನಂತರ ಸ್ಪರ್ಧೆ ಇನ್ನಷ್ಟು ಬಿರುಸಾಯಿತು. ಎಚ್.ಎಂ.ಟಿ.ಯ ನಷ್ಟ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮುಚ್ಚುವ ನಿರ್ಧಾರದ ಸುದ್ದಿ 2014ರಲ್ಲಿ ಹೊರಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೊ ಪಾಲಾಯಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು.

ವಿಚಿತ್ರವೆಂದರೆ, ಮುಚ್ಚುವ ಸುದ್ದಿ ಬಂದ ಮೇಲೆಯೇ ಜನ ಉಳಿದ ವಾಚುಗಳಿಗಾಗಿ ಮಳಿಗೆಗಳ ಮುಂದೆ ಮುಗಿಬಿದ್ದರು. ಅಂಗಡಿಯಲ್ಲಿ ಕೇಳುವವರಿಲ್ಲದೆ ಧೂಳು ಹಿಡಿದಿದ್ದ ಜನತಾ, ಪೈಲಟ್‌ಗಳು ಸಂಗ್ರಹಯೋಗ್ಯ ವಸ್ತುಗಳಾದವು. ಎಲ್ಲರ ಕೈಯಲ್ಲಿರಲಿ ಎಂದು ಮಾಡಿದ ವಾಚು ಹೀಗೆ ಕೆಲವರ ಪೆಟ್ಟಿಗೆ ಸೇರಿತು.

ಅಸಲಿ ಯಾವುದು, ನಕಲಿ ಯಾವುದು

ವಾಚು ಸಂಗ್ರಹವೆಂದರೆ ಕೋಟ್ಯಧೀಶರ ಹವ್ಯಾಸ ಎಂಬ ಭಾವನೆ ಇದೆ. ಅದಕ್ಕೆ ಆಧಾರವೂ ಇಲ್ಲದಿಲ್ಲ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಅದೇ ಮಾದರಿಯ ಬೇರೆ ವಾಚಿಗೆ ಇಷ್ಟು ಬೆಲೆ ಬಾರದು. ಆ ಹಣ ಸಂದದ್ದು ಉಕ್ಕಿಗಲ್ಲ. ಪತ್ನಿ ಕೊಟ್ಟ ಉಡುಗೊರೆಯನ್ನು ಆತ ವರ್ಷಗಟ್ಟಲೆ ಕಟ್ಟಿದ್ದ ಎಂಬ ಕಥೆಗೆ.

ಆದರೆ ಅಂಚೆಚೀಟಿ, ಹಳೆಯ ನಾಣ್ಯಗಳಂತೆ ಇಲ್ಲೂ ಕಡಿಮೆ ಹಣದವರಿಗೆ ಜಾಗವಿದೆ. ಎಚ್.ಎಂ.ಟಿ. ಸಂಗ್ರಹಿಸುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಬ್ಯಾಂಕ್ ನೌಕರರಿದ್ದಾರೆ. ಅವರಿಗೆ ಬೇಕಾದ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ತಿಳಿವಳಿಕೆ. ಏಕೆಂದರೆ ಈ ಮಾರುಕಟ್ಟೆಯಲ್ಲಿ ಮೋಸ ಸಾಕಷ್ಟಿದೆ. ಜನತಾ, ಪೈಲಟ್ ಮೊದಲಾದ ಹಲವು ಮಾದರಿಗಳ ಒಳಗಿರುವುದು 0231 ಎಂಬ ಒಂದೇ ಬಗೆಯ ಯಂತ್ರ. ರಿಪೇರಿಯವರಿಗೆ ಇದು ವರವಾಗಿತ್ತು. ಒಂದರ ಚಕ್ರ ಇನ್ನೊಂದಕ್ಕೆ ಕೂರುತ್ತದೆ, ಸತ್ತ ವಾಚು ಇನ್ನೊಂದನ್ನು ಬದುಕಿಸುತ್ತದೆ. ಆದರೆ ಇದೇ ಗುಣ ವಂಚಕರಿಗೂ ದಾರಿಯಾಯಿತು. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ, ಕಾರ್ಖಾನೆ ಎಂದೂ ಮಾಡದಿದ್ದ ಕಡುಕೆಂಪು, ಗಿಳಿಹಸಿರು ಬಣ್ಣಗಳಲ್ಲಿ ಅಪರೂಪದ ಪೈಲಟ್ ಎಂದು ಮಾರುವವರಿದ್ದಾರೆ.

ಆದ್ದರಿಂದ ಅನುಭವಸ್ಥರು ಮೊದಲು ನೋಡುವುದು ಡಯಲ್. ಅಕ್ಷರಗಳ ಅಂಚು ಚೂಪಾಗಿದೆಯೇ ಅಥವಾ ಮಸಿ ಹರಡಿದೆಯೇ? ಹಿಂದಿನ ಮುಚ್ಚಳ ಸವೆದಿದ್ದು ಡಯಲ್ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಸಂಶಯಪಡಬೇಕು. ಹಳದಿಗೆ ತಿರುಗಿದ, ಅಲ್ಲಲ್ಲಿ ಕಲೆ ಬಿದ್ದ ಮೂಲ ಡಯಲ್‌ಗೆ ಹೊಸ ಬಣ್ಣದ ಡಯಲ್‌ಗಿಂತ ಬೆಲೆ ಜಾಸ್ತಿ. ಮನೆಯ ಹಳೆಯ ವಾಚನ್ನು ರಿಪೇರಿಗೆ ಕೊಡುವವರೂ ಇದನ್ನು ನೆನಪಿಡಬೇಕು. ಡಯಲ್‌ಗೆ ಬಣ್ಣ ಬಳಿಸಬೇಡಿ, ಕೇಸನ್ನು ಉಜ್ಜಿಸಿ ಪಾಲಿಶ್ ಮಾಡಿಸಬೇಡಿ. ಎಣ್ಣೆ ಹಾಕಿಸಿ, ಗಾಜು ಬದಲಿಸಿ, ಅಷ್ಟು ಸಾಕು.

ಎಣ್ಣೆ ಹಾಕುವವರು ಎಲ್ಲಿ?

ಕೀ ವಾಚಿನ ಆಕರ್ಷಣೆಗೆ ಹಲವು ಕಾರಣ ಹೇಳುತ್ತಾರೆ: ಕುಸುರಿ, ಅಂದ, ನೆನಪು, ಹೂಡಿಕೆ. ಇವೆಲ್ಲದರ ಕೆಳಗಿರುವ ಕಾರಣ ಒಂದೇ ಎಂದು ನನಗನಿಸುತ್ತದೆ. ಅದು ರಿಪೇರಿಯಾಗುತ್ತದೆ. ಕೆಟ್ಟಾಗ ಬಿಸಾಡಬೇಕಿಲ್ಲ. ಬಿಚ್ಚಬಹುದು, ತೊಳೆಯಬಹುದು, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸಬಹುದು. ಆದ್ದರಿಂದಲೇ ಅದು ಅಪ್ಪನಿಂದ ಮಗಳಿಗೆ, ತಾತನಿಂದ ಮೊಮ್ಮಗನಿಗೆ ದಾಟುತ್ತದೆ. ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವ ನಮಗೆ ಇಂಥ ವಸ್ತುವೊಂದು ಕೈಗೆ ಸಿಕ್ಕಾಗ ಸೋಜಿಗವಾಗುವುದು ಸಹಜ.

ಆದರೆ ರಿಪೇರಿಯಾಗಬೇಕಾದರೆ ರಿಪೇರಿ ಮಾಡುವವರಿರಬೇಕಲ್ಲ? ಅವೆನ್ಯೂ ರಸ್ತೆಯ ಆ ಹಿರಿಯರು ಹುಡುಗರಾಗಿದ್ದಾಗ ಅಂಗಡಿಗೆ ಸೇರಿದವರು. ಮೊದಲೆರಡು ವರ್ಷ ಪಟ್ಟಿ ಬದಲಿಸುವುದು, ಗಾಜು ಒರೆಸುವುದು ಬಿಟ್ಟು ಬೇರೆ ಕೆಲಸ ಕೊಡಲಿಲ್ಲವಂತೆ. ಆಮೇಲೆ ಗೋಡೆ ಗಡಿಯಾರ, ಕೊನೆಗೆ ಕೈಗಡಿಯಾರ. ಸುರುಳಿ ಸ್ಪ್ರಿಂಗ್ ನೇರಮಾಡಲು ಕಲಿಯುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಅವರ ಮೇಜಿನ ಖಾನೆಯಲ್ಲಿ ಸಣ್ಣ ಸಣ್ಣ ತಗಡಿನ ಡಬ್ಬಿಗಳಿವೆ, ಅವುಗಳಲ್ಲಿ ಸತ್ತ ವಾಚುಗಳಿಂದ ಬಿಚ್ಚಿಟ್ಟ ಚಕ್ರಗಳಿವೆ. ಯಾವ ಡಬ್ಬಿಯಲ್ಲಿ ಏನಿದೆ ಎಂದು ಅವರು ಬರೆದಿಟ್ಟಿಲ್ಲ. ಮಗ ಎರಡು ಅಂಗಡಿ ಆಚೆ ಮೊಬೈಲ್ ರಿಪೇರಿ ಮಾಡುತ್ತಾನೆ. ಈ ಕೆಲಸದಲ್ಲಿ ದಿನಕ್ಕೆ ಎರಡು ಸರ್ವಿಸ್ ಸಿಗುವುದೂ ಕಷ್ಟ, ಅವನನ್ನು ಇಲ್ಲಿ ಕೂರಿಸಿ ಏನು ಮಾಡಲಿ ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಜೆನಿತ್‌ನ ವೆರ್ಮೊ ಅಟ್ಟದ ಮೇಲೆ ಉಪಕರಣಗಳನ್ನಷ್ಟೇ ಇಡಲಿಲ್ಲ. ಯಾವುದು ಏನು ಎಂದು ಬರೆದೂ ಇಟ್ಟಿದ್ದ ಎಂಬುದು ಆಗ ನೆನಪಾಯಿತು. ಸಂಗ್ರಹಕಾರರು ವಾಚುಗಳನ್ನು ಉಳಿಸುತ್ತಿದ್ದಾರೆ, ಸಂತೋಷ. ವಸ್ತುಸಂಗ್ರಹಾಲಯ ಚರಿತ್ರೆಯನ್ನು ಉಳಿಸುತ್ತಿದೆ, ಅದೂ ಸಂತೋಷ. ಆದರೆ ಆ ತಗಡಿನ ಡಬ್ಬಿಗಳ ವಿದ್ಯೆಯನ್ನು ಉಳಿಸುವ ದಾರಿ ಒಂದೇ: ನಮ್ಮ ವಾಚುಗಳನ್ನು ಪೆಟ್ಟಿಗೆಯಿಂದ ತೆಗೆದು ಅವರ ಮೇಜಿಗೆ ಒಯ್ಯುವುದು. ಕೆಲಸವಿದ್ದರೆ ಕಲಿಯುವವನೂ ಬಂದಾನು.

ವಾಚು ಕೈಗಿಡುವಾಗ ಅವರು ಒಂದು ಮಾತು ಹೇಳಿದರು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಬೇಕು, ಬಿಗಿಯಾಯಿತು ಎನಿಸಿದ ಕೂಡಲೇ ನಿಲ್ಲಿಸಬೇಕು, ಮೂರ್ನಾಲ್ಕು ವರ್ಷಕ್ಕೊಮ್ಮೆ ಎಣ್ಣೆ ಹಾಕಿಸಬೇಕು. ಮನೆಗೆ ಬಂದು ಅಜ್ಜಿಯ ಕಿವಿಯ ಹತ್ತಿರ ಹಿಡಿದೆ. ಕೇಳಿಸಿಕೊಂಡರು. ಆಮೇಲೆ ಗೋಡೆ ಗಡಿಯಾರದ ಕಡೆ ನೋಡಿ, ಎರಡು ನಿಮಿಷ ಮುಂದೆ ಓಡುತ್ತಿದೆ, ನಿಮ್ಮ ತಾತನಿದ್ದಾಗಲೂ ಹೀಗೇ ಓಡುತ್ತಿತ್ತು ಎಂದರು.